ಸುಮ್ಮನಿರುತ್ತೇನೆಂದು ಬಾಯಿಬಿಟ್ಟು ಹೇಳು

ಪ್ರೀತಿಯ ಪುಟ್ಟಿ,

"ನಾನಿಲ್ಲಿ ಅಮೆರಿಕದಲ್ಲಿ ವೀಸಾ ಮೇಲೆ ಇರೋಳು, ಇವರ ಸಂವಿಧಾನ ನನ್ನನ್ನೂ ಕಾಯುತ್ತಾ?" ಎಂದು ನೀನು ಕೇಳಿದಾಗ ನಾನು ಧಾರವಾಡದ ಕೋರ್ಟಿನ ಮೆಟ್ಟಿಲ ಮೇಲಿದ್ದೆ, ಕಕ್ಷಿದಾರರು ಕಾದಿದ್ದರು. ಕಾಯುತ್ತದೆ ಎಂದಷ್ಟೇ ಹೇಳಿ ಫೋನ್ ಇಟ್ಟೆ. ಉಳಿದದ್ದು ಈಗ.

ನಮ್ಮ ಸಂವಿಧಾನದ 14 (ಸಮಾನತೆ) ಮತ್ತು 21ನೇ (ಜೀವ, ಸ್ವಾತಂತ್ರ್ಯ) ವಿಧಿಗಳ ಹಾಗೆಯೇ ಅವರ ಸಂವಿಧಾನದ ಐದನೇ, ಹದಿನಾಲ್ಕನೇ ತಿದ್ದುಪಡಿಗಳ ರಕ್ಷಣೆಯೂ ನಾಗರಿಕರಿಗಷ್ಟೇ ಮೀಸಲಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬಟ್ಟೆ ಒಗೆಯುವ ಅಂಗಡಿ ಇಟ್ಟಿದ್ದ ಚೀನೀಯರಿಗೆ ನಗರಾಡಳಿತ ಪರವಾನಗಿ ಕೊಡದೆ ಸತಾಯಿಸಿದಾಗ, ಸಮಾನ ರಕ್ಷಣೆ ಅವರಿಗೂ ಸಲ್ಲುತ್ತದೆಂದು ಅಮೆರಿಕದ ಸುಪ್ರೀಂ ಕೋರ್ಟ್ 1886ರಲ್ಲೇ ಹೇಳಿತು. ಜ್ಯೂರಿಯಲ್ಲಿ (ತೀರ್ಪು ಹೇಳುವ ನಾಗರಿಕರ ಮಂಡಳಿಯಲ್ಲಿ) ಕೂರುವುದು, ಮತ ಹಾಕುವುದು, ಅಂಥವು ನಿನಗಿಲ್ಲ.

ಆದರೆ ಆ ಹಕ್ಕುಗಳನ್ನು ಕೇಳಿ ಪಡೆಯಬೇಕು. ನನಗೆ ಅಳುಕಿರುವುದು ಅಲ್ಲೇ. ದೊಡ್ಡವರು ಕೇಳಿದರೆ ಎಲ್ಲ ವಿವರಿಸಬೇಕು, ಒಲ್ಲೆ ಎನ್ನುವುದನ್ನೂ ಸುತ್ತಿ ಬಳಸಿ ಹೇಳಬೇಕು ಎಂಬ ರೂಢಿಯಲ್ಲಿ ಬೆಳೆದವರು ನಾವು.

ನೀನಿರುವ ಅರಿಝೋನಾದ ಟೆಂಪೆಯ ಪಕ್ಕದ ಫೀನಿಕ್ಸಿನಲ್ಲೇ 1963ರಲ್ಲಿ ಅರ್ನೆಸ್ಟೋ ಮಿರಾಂಡಾ ಎಂಬಾತನನ್ನು ಹಿಡಿದು, ಸುಮಾರು ಎರಡು ತಾಸು ವಿಚಾರಿಸಿ, ತಪ್ಪೊಪ್ಪಿಗೆಗೆ ಸಹಿ ಹಾಕಿಸಿದರು. ಸುಮ್ಮನಿರಬಹುದು, ವಕೀಲರನ್ನು ಕೇಳಬಹುದು ಎಂದು ಮೊದಲೇ ತಿಳಿಸದೆ ಪಡೆದ ಹೇಳಿಕೆ ನಿಲ್ಲುವುದಿಲ್ಲವೆಂದು 1966ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಐದಕ್ಕೆ ನಾಲ್ಕರ ಬಹುಮತದಿಂದ ತೀರ್ಪಾಯಿತು. (ಆತ ಬಿಡುಗಡೆಯಾದ ಅಂದುಕೊಳ್ಳಬೇಡ. ಮರುವಿಚಾರಣೆಯಲ್ಲಿ ಆ ಹೇಳಿಕೆಯಿಲ್ಲದೆಯೂ ಶಿಕ್ಷೆಯಾಯಿತು.) ಈ ಎಚ್ಚರಿಕೆಯ ಮಾತು ಬರುವುದು ವಶಕ್ಕೆ ತೆಗೆದುಕೊಂಡು ಪ್ರಶ್ನಿಸುವಾಗ ಮಾತ್ರ. ರಸ್ತೆ ಬದಿ ಕಾರು ನಿಲ್ಲಿಸಿ ಕೇಳಿದ್ದಕ್ಕೆ ಸಾಮಾನ್ಯವಾಗಿ ಅದು ಬೇಕಿಲ್ಲ.

ನಮ್ಮಲ್ಲಿ ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆ 1872ರ ಸಾಕ್ಷ್ಯ ಕಾಯಿದೆಯ ಕಾಲದಿಂದಲೂ ಪುರಾವೆಯಲ್ಲ. ಅಲ್ಲಿ ಪುರಾವೆ! ನೀನೇ ಇಷ್ಟಪಟ್ಟು ಹೇಳಿದ್ದಾದರೆ ಒಂದೊಂದು ಮಾತೂ ನಿನ್ನ ವಿರುದ್ಧ ಬರುತ್ತದೆ. ವಿಚಾರಣೆಯಲ್ಲಿ ಪೊಲೀಸರು "ನಿನ್ನ ಜೊತೆಗಾರ ಒಪ್ಪಿಕೊಂಡಾಗಿದೆ" ಎಂದು ಸುಳ್ಳು ಹೇಳಿದರೂ, ಅಷ್ಟಕ್ಕೇ ನಿನ್ನ ಹೇಳಿಕೆ ಬಿದ್ದುಹೋಗುವುದಿಲ್ಲ; 1969ರ ತೀರ್ಪು. ಇಲ್ಲಿ ಠಾಣೆಯ ಕಾಗದವನ್ನು ಕೋರ್ಟಿನಲ್ಲಿ ಹರಿದುಹಾಕಿ ರೂಢಿಯಾದ ನನ್ನಂಥ ವಕೀಲಳಿಗೆ ಇದು ಗಂಟಲಲ್ಲಿ ಇಳಿಯದ ತುತ್ತು.

ಮಿಶಿಗನ್ನಿನ ಒಂದು ಪ್ರಕರಣ ಕೇಳು. ಆರೋಪಿ ಹೆಚ್ಚುಕಡಿಮೆ ಮೂರು ತಾಸು ಬಹುತೇಕ ತುಟಿ ಬಿಚ್ಚದೆ ಕೂತಿದ್ದ. ಕೊನೆಗೆ ಅಧಿಕಾರಿ, ಆ ಹುಡುಗನಿಗೆ ಗುಂಡು ಹೊಡೆದದ್ದಕ್ಕೆ ದೇವರಲ್ಲಿ ಕ್ಷಮೆ ಬೇಡುತ್ತೀಯಾ ಎಂದು ಕೇಳಿದ. "ಹೌದು" ಎಂದ. ಆ ಒಂದು ಮಾತು ಸಾಕ್ಷ್ಯವಾಯಿತು. ಸುಮ್ಮನಿರುವ ಹಕ್ಕು ಬೇಕಿದ್ದರೆ ಸುಮ್ಮನೆ ಕೂತರೆ ಸಾಲದು, ಅದನ್ನು ಸ್ಪಷ್ಟವಾಗಿ ಹೇಳಬೇಕು ಎಂದಿತು 2010ರ ತೀರ್ಪು. ನನಗದು ತಲೆಕೆಳಗಾದ ತರ್ಕ. ಏನು ಮಾಡುವುದು, ಅದೇ ಕಾನೂನು. 1994ರಲ್ಲಿ ಇನ್ನೊಬ್ಬ "ಬಹುಶಃ ವಕೀಲರ ಜೊತೆ ಮಾತಾಡಬೇಕೇನೋ" ಎಂದಿದ್ದ. ಅದು ವಕೀಲರನ್ನು ಕೇಳಿದಂತಾಗಲಿಲ್ಲ. ನಮ್ಮವರ ಬಾಯಲ್ಲಿ ಬರುವುದೇ ಇಂಥ ಮಾತು! ಆದ್ದರಿಂದ ಎರಡೇ ವಾಕ್ಯ: "ನಾನು ಸುಮ್ಮನಿರುತ್ತೇನೆ. ನನಗೆ ವಕೀಲರು ಬೇಕು." ಹೆಸರು, ಲೈಸೆನ್ಸ್, ಐ-94 (ನೀನು ದೇಶದೊಳಗೆ ಬಂದದ್ದರ ದಾಖಲೆ) ಕೇಳಿದರೆ ಮಾತ್ರ ತಕರಾರಿಲ್ಲದೆ ಕೊಡು, ಸುಳ್ಳು ಹೇಳಲೇಬೇಡ. ಕಾರು ತಪಾಸಣೆಗೆ ಒಪ್ಪಿಗೆ ಕೇಳಿದರೆ "ಒಪ್ಪಿಗೆಯಿಲ್ಲ" ಎನ್ನು. ಇಲ್ಲವೆನ್ನಬಹುದು ಎಂದು ತಿಳಿಸುವ ಕರ್ತವ್ಯ ಅವರಿಗಿಲ್ಲ. ಆದರೂ ತಪಾಸಣೆಗಿಳಿದರೆ ಅಡ್ಡ ಹೋಗಬೇಡ, ಅದನ್ನು ಕೋರ್ಟಿನಲ್ಲಿ ನೋಡಿಕೊಳ್ಳೋಣ.

ಯಾವ ಕೋರ್ಟು? ನಮ್ಮ ಹಾಗೆ ಒಂದೇ ಏಣಿಯಲ್ಲ. ವೇಗದ ಚಾಲನೆಯ ಚೀಟಿಯಿಂದ ಕೊಲೆಯವರೆಗೆ ಬಹುಪಾಲು ರಾಜ್ಯದ ಕೋರ್ಟುಗಳಲ್ಲೇ. ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಸಾಲು ಬೇರೆ: 94 ಜಿಲ್ಲಾ ಕೋರ್ಟು, 13 ಮೇಲ್ಮನವಿ ಕೋರ್ಟು, ನೆತ್ತಿಯಲ್ಲಿ ನಿವೃತ್ತಿ ವಯಸ್ಸೇ ಇಲ್ಲದ ಒಂಬತ್ತು ನ್ಯಾಯಮೂರ್ತಿಗಳು. ಇದರಿಂದ ನಿನಗೇನು ಎನ್ನುತ್ತೀಯಾ? 2020ರ ಜನಮತದ ನಂತರ ಅರಿಝೋನಾದಲ್ಲಿ 21 ವರ್ಷ ತುಂಬಿದವರು ಒಂದಿಷ್ಟು ಗಾಂಜಾ ಇಟ್ಟುಕೊಂಡರೆ ಅಪರಾಧವಲ್ಲ. ಫೆಡರಲ್ ಕಾನೂನಿನಲ್ಲಿ ಅಪರಾಧವೇ. ನಿನ್ನ ವೀಸಾ ಫೆಡರಲ್. ರೂಮ್‌ಮೇಟ್‌ಗಳಿಗೆ ನಡೆದದ್ದು ನಿನಗೆ ನಡೆಯುವುದಿಲ್ಲ.

ಬಡವನಿಗೂ ವಕೀಲರು ಸಿಗುವುದು ಕ್ಲಾರೆನ್ಸ್ ಗಿಡಿಯನ್‌ನಿಂದ. ಫ್ಲಾರಿಡಾದ ಕೋರ್ಟಿನಲ್ಲಿ ವಕೀಲರನ್ನು ಕೊಡಿ ಎಂದು ಕೇಳಿದ, ಕೊಡಲಿಲ್ಲ. ಜೈಲಿನಿಂದ ಪೆನ್ಸಿಲಿನಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಬರೆದು 1963ರಲ್ಲಿ ಗೆದ್ದ. ವಕೀಲರಿದ್ದ ಮರುವಿಚಾರಣೆಯಲ್ಲಿ ಜ್ಯೂರಿ ನಿರ್ದೋಷಿ ಎಂದಿತು. ಆದರೆ ಇದು ಕ್ರಿಮಿನಲ್ ಪ್ರಕರಣಗಳಿಗೆ. ಗಡೀಪಾರು ತೀರ್ಮಾನಿಸುವ ವಲಸೆ ಕೋರ್ಟು ನ್ಯಾಯಾಂಗದ್ದಲ್ಲ, ಸರ್ಕಾರದ ನ್ಯಾಯ ಇಲಾಖೆಯದು. ಅಲ್ಲಿ ಸರ್ಕಾರಿ ಖರ್ಚಿನ ವಕೀಲರಿಲ್ಲ. ಇನ್ನು ಕ್ರಿಮಿನಲ್ ಪ್ರಕರಣಗಳಲ್ಲಿ ಬಹಳಷ್ಟು ವಿಚಾರಣೆಗೇ ಬಾರದೆ ತಪ್ಪೊಪ್ಪಿಗೆ ಒಪ್ಪಂದದಲ್ಲಿ (ತಪ್ಪೊಪ್ಪಿಕೊಂಡರೆ ಕಡಿಮೆ ಶಿಕ್ಷೆ ಎಂಬ ಮಾತುಕತೆಯಲ್ಲಿ) ಮುಗಿಯುತ್ತವೆ. "ಸಣ್ಣ ದಂಡ, ಒಪ್ಪಿಕೊಂಡುಬಿಡು" ಎಂದು ಯಾರಾದರೂ ಅಂದರೆ, ವೀಸಾಕ್ಕೇನಾಗುತ್ತದೆ ಎಂದು ಮೊದಲು ಕೇಳು. ಗಡೀಪಾರಿನ ಅಪಾಯ ತಿಳಿಸುವುದು ವಕೀಲರ ಹೊಣೆಯೆಂದು 2010ರಲ್ಲೇ ತೀರ್ಪಾಗಿದೆ.

ಒಳ್ಳೆಯ ವಕೀಲರೊಬ್ಬರ ನಂಬರನ್ನು ಕಾಗದದಲ್ಲಿ ಬರೆದಿಟ್ಟುಕೋ, ಬಂಧಿಸಿದರೆ ಫೋನು ಕೈಯಲ್ಲಿರುವುದಿಲ್ಲ. ಅದನ್ನು ವಾರಂಟ್ ಇಲ್ಲದೆ ಜಾಲಾಡುವಂತಿಲ್ಲ ಎಂದು 2014ರಲ್ಲಿ ಒಂಬತ್ತೂ ಜನ ಒಕ್ಕೊರಲಿನಿಂದ ಹೇಳಿದ್ದಾರೆ. ನೀನಾಗಿ ಪಾಸ್‌ವರ್ಡ್ ಕೊಟ್ಟರೆ ಅದು ಬೇರೆ ಮಾತು.

ಇಂತಿ,
ನಿನ್ನ ಅಮ್ಮ