ಪ್ಲಾಟ್‌ಫಾರ್ಮ್ ನಂಬರ್ ಹೇಳಿದರೆ ಸಾಲದು, ಯಾವ ತುದಿ ಎಂದೂ ಹೇಳಿ

ಮಾನ್ಯ ಸಂಪಾದಕರೇ,

ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ 8ನೇ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದವಿದೆ. 2023ರ ಮಾರ್ಚ್ 12ರಂದು ಅದು ಲೋಕಾರ್ಪಣೆಯಾದಾಗಿನಿಂದ ಜಗತ್ತಿನ ದಾಖಲೆಯ ಮಾತೇ ಎಲ್ಲ ಕಡೆ. ಗೋರಖಪುರದ 1,366 ಮೀಟರನ್ನು ದಾಟಿದ್ದು ಊರಿಗೆ ಹೆಮ್ಮೆಯೇ. ಆದರೆ ಇಷ್ಟು ಉದ್ದ ಬೇಕಾಗಿದ್ದು ಏಕೆ, ಅಲ್ಲಿ ಗಾಡಿ ಹಿಡಿಯುವ ಮಂದಿಗೆ ಏನೇನು ತಿಳಿದಿರಬೇಕು ಎಂಬ ಚರ್ಚೆ ಕಡಿಮೆ. ಅದಕ್ಕಾಗಿ ಈ ಪತ್ರ.

ನಮ್ಮದು ಮೂರು ದಿಕ್ಕಿನ ಜಂಕ್ಷನ್. ಪಶ್ಚಿಮಕ್ಕೆ ಉಣಕಲ್, ಧಾರವಾಡ, ಲೋಂಡಾ. ಪೂರ್ವಕ್ಕೆ ಕುಸುಗಲ್, ಅಣ್ಣಿಗೇರಿ, ಗದಗ. ದಕ್ಷಿಣಕ್ಕೆ ಕುಂದಗೋಳ, ಹಾವೇರಿ, ಬೆಂಗಳೂರು. ಸದರ್ನ್ ಮರಾಠಾ ರೈಲ್ವೆ ಕಂಪನಿ 1880ರ ದಶಕದಲ್ಲಿ ಈ ಭಾಗದಲ್ಲಿ ಹಳಿ ಹಾಕಿದಾಗ ಎಲ್ಲವೂ ಮೀಟರ್ ಗೇಜ್. ಕಂಪನಿಯ ಮುಖ್ಯ ಕಚೇರಿ ಧಾರವಾಡದಲ್ಲಿತ್ತು. ಇಂದಿನ ಕರ್ನಾಟಕ ಕಾಲೇಜಿನ ಕಟ್ಟಡ ಕಟ್ಟಿದ್ದೇ ಅದಕ್ಕಾಗಿ. ವರ್ಕ್‌ಶಾಪ್ ಮಾತ್ರ 1885ರಿಂದ ಹುಬ್ಬಳ್ಳಿಯಲ್ಲೇ ಇದೆ. 1908ರಲ್ಲಿ ಕಂಪನಿ ಮದ್ರಾಸ್ ರೈಲ್ವೆ ಜೊತೆ ಸೇರಿತು, 1951ರಲ್ಲಿ ದಕ್ಷಿಣ ರೈಲ್ವೆ ಬಂತು, 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆ. 2003ರಲ್ಲಿ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ನಮ್ಮಲ್ಲಿಗೇ ಬಂತು. ಅಷ್ಟರಲ್ಲಿ ಬ್ರಾಡ್ ಗೇಜ್ ಆಗಿತ್ತು, ಗಾಡಿಗಳು ಉದ್ದವಾಗಿದ್ದವು, ಆಮೇಲೆ ಜೋಡಿ ಹಳಿಯ ಕೆಲಸವೂ ಶುರುವಾಯಿತು. ಹಳೆಯ ಯಾರ್ಡ್‌ಗೆ ಆ ಭಾರ ಹೊರಲು ಆಗುತ್ತಿರಲಿಲ್ಲ. ಯಾರ್ಡ್ ಬದಲಾಯಿಸುವಾಗಲೇ ಉದ್ದದ ಪ್ಲಾಟ್‌ಫಾರ್ಮ್ ಬಂದದ್ದು.

ಲೆಕ್ಕ ಹೀಗಿದೆ. ಎಲ್‌ಎಚ್‌ಬಿ ಎಂಬ ಹೊಸ ಮಾದರಿಯ ಡಬ್ಬಿ ಒಂದಕ್ಕೆ ಸುಮಾರು 24 ಮೀಟರ್. 24 ಡಬ್ಬಿಗೆ 576, ಇಂಜಿನ್ ಸೇರಿದರೆ 600ರ ಆಸುಪಾಸು. ಎರಡು ಗಾಡಿಗೆ 1,200 ಮೀಟರ್. ಉಳಿದ 300 ಮೀಟರ್ ದಂಡ ಎಂದು ಯಾರೂ ತಿಳಿಯಬಾರದು. ಒಳಬರುವ ಗಾಡಿಗೆ ಹೋಮ್ ಸಿಗ್ನಲ್ (ನಿಲ್ದಾಣದೊಳಗೆ ಬರಲು ಬಿಡುವ ಸಿಗ್ನಲ್) ಕೊಡಬೇಕಾದರೆ ಅದು ನಿಲ್ಲುವ ಜಾಗ ಖಾಲಿ ಇದ್ದರೆ ಸಾಲದು, ಮುಂದಿನ ಸಿಗ್ನಲ್ ದಾಟಿ ಇನ್ನೂ 120 ಮೀಟರ್ ಖಾಲಿ ಇರಬೇಕು. ಬ್ರೇಕ್ ಸ್ವಲ್ಪ ತಡವಾಗಿ ಹಿಡಿದರೂ ಮುಂದೆ ನಿಂತ ಗಾಡಿಗೆ ತಾಗಬಾರದು ಎಂದು ಈ ನಿಯಮ. ಒಂದೇ ಪ್ಲಾಟ್‌ಫಾರ್ಮಿನಲ್ಲಿ ಎರಡು ಗಾಡಿ ನಿಲ್ಲಿಸಬೇಕಾದರೆ ನಡುವೆ ಜಾಗ ಬಿಡಲೇಬೇಕು.

ಪ್ರಯಾಣಿಕನ ಕಷ್ಟ ಶುರುವಾಗುವುದೂ ಇದೇ ಲೆಕ್ಕದಿಂದ. ಎರಡು ಗಾಡಿ ಹಿಡಿಸುವ ಪ್ಲಾಟ್‌ಫಾರ್ಮಿಗೆ ಬರೀ ನಂಬರ್ ಹೇಳಿದರೆ ಅರ್ಧ ವಿಳಾಸ ಹೇಳಿದಂತೆ. ಪೂರ್ವ ಭಾಗದಲ್ಲಿ ನಿಲ್ಲುವ ಗಾಡಿಗೆ ಪಶ್ಚಿಮ ಭಾಗದಲ್ಲಿ ಕಾದವರು 600 ಮೀಟರ್ ನಡೆಯಬೇಕು. ಚೀಲ ಹೊತ್ತ ಹಿರಿಯರು ನಿಮಿಷಕ್ಕೆ 50 ಮೀಟರ್ ನಡೆದರೆ ಹೆಚ್ಚು. ಅಲ್ಲಿಗೆ 12 ನಿಮಿಷ. ಐದು ನಿಮಿಷ ನಿಲ್ಲುವ ಗಾಡಿ ಅಷ್ಟು ಹೊತ್ತು ಕಾಯುವುದಿಲ್ಲ. ಎಂಟು ಡಬ್ಬಿಯ ವಂದೇ ಭಾರತ್‌ನಂಥ ಗಾಡಿಯ ಉದ್ದ 192 ಮೀಟರ್. ಇಂಥ ಪ್ಲಾಟ್‌ಫಾರ್ಮಿಗೆ ಅದು ಬಂದರೆ ಎಂಟನೇ ಒಂದು ಪಾಲನ್ನಷ್ಟೇ ಹಿಡಿಯುತ್ತದೆ. ಅದರ ಬಾಗಿಲು ಹೊರಡುವ ಮೊದಲೇ ತಾನಾಗಿ ಮುಚ್ಚುತ್ತದೆ, ಸಿಕ್ಕ ಡಬ್ಬಿಗೆ ಹತ್ತಿ ಒಳಗೆ ನಡೆದು ಹೋಗೋಣ ಎಂಬ ಹಳೆಯ ಉಪಾಯವೂ ಕೊನೇ ಗಳಿಗೆಯಲ್ಲಿ ನಡೆಯದು.

ಇನ್ನೊಂದು ವಿಷಯ ಬಹಳ ಮಂದಿಗೆ ತಿಳಿದಿಲ್ಲ. ಬೆಂಗಳೂರು ಲೈನ್ ಮತ್ತು ಗದಗ ಲೈನ್ ಎರಡೂ ನಿಲ್ದಾಣದ ಒಂದೇ ತುದಿಗೆ ಬಂದು ಸೇರುತ್ತವೆ. ಹೀಗಾಗಿ ಹಾವೇರಿ ಕಡೆಯಿಂದ ಈ ನಿಲ್ದಾಣಕ್ಕೆ ಬಂದು ಗದಗ ಕಡೆ ಹೋಗುವ ಗಾಡಿಯ ಇಂಜಿನ್ ಬಿಚ್ಚಿ, ಪಕ್ಕದ ಹಳಿಯಲ್ಲಿ ತಂದು, ಹಿಂಬದಿಗೆ ಜೋಡಿಸಬೇಕು. ಗಾಳಿಯ ಪೈಪು ಸೇರಿಸಿ, ಬ್ರೇಕ್ ಪೈಪಿನಲ್ಲಿ 5 ಕೆ.ಜಿ. ಒತ್ತಡ ಬಂದು, ಕೊನೆಯ ಡಬ್ಬಿಯವರೆಗೂ ಬ್ರೇಕ್ ಹಿಡಿಯುತ್ತದೆ ಎಂದು ಪರೀಕ್ಷಿಸಿದ ಮೇಲೆಯೇ ಹೊರಡುವುದು. ಅಂದರೆ ಬೆಂಗಳೂರಿನಲ್ಲಿ ಇಂಜಿನ್ ಹಿಂದೆಯೇ ಇದ್ದ ಡಬ್ಬಿ ಅಣ್ಣಿಗೇರಿಗೆ ಬರುವಾಗ ಕಟ್ಟಕಡೆಯದು. ಅಣ್ಣಿಗೇರಿ, ಗದಗದಲ್ಲಿ ಹತ್ತುವವರು ಡಬ್ಬಿಗಳ ಕ್ರಮವನ್ನು ತಿರುವಿ ಓದಿಕೊಳ್ಳಬೇಕು. ಬೆಂಗಳೂರು–ಧಾರವಾಡ, ಗದಗ–ಧಾರವಾಡ ಗಾಡಿಗಳಿಗೆ ಈ ತೊಂದರೆ ಇಲ್ಲ, ಅವು ನೇರ ಹೋಗುತ್ತವೆ.

ಕೊನೇ ಗಳಿಗೆಯಲ್ಲಿ ಪ್ಲಾಟ್‌ಫಾರ್ಮ್ ಬದಲಾದರೆ ಸಿಬ್ಬಂದಿಯನ್ನು ಬೈಯುವವರೇ ಹೆಚ್ಚು. ಕಾರಣ ಸಾಮಾನ್ಯವಾಗಿ ಬೇರೆಯೇ: ಇಲ್ಲೇ ಪ್ರಯಾಣ ಮುಗಿಸಿದ ಗಾಡಿಯನ್ನು ತೊಳೆದು ಪರೀಕ್ಷಿಸುವ ಪಿಟ್ ಲೈನಿಗೆ ಎಳೆಯಲು ಶಂಟಿಂಗ್ ಇಂಜಿನ್ ತಡವಾಗಿರುತ್ತದೆ, ಅಥವಾ ಹೊರಡಬೇಕಾದ ಗಾಡಿಗೆ ಮುಂದಿನ ಲೈನ್ ಸಿಕ್ಕಿರುವುದಿಲ್ಲ. ಸಿಗ್ನಲ್ ಕೊಟ್ಟು ಗಾಡಿ ಸಮೀಪಿಸಿದ ಮೇಲೆ ದಾರಿ ರದ್ದು ಮಾಡಿದರೂ 120 ಸೆಕೆಂಡ್ ಕಳೆಯದೆ ಗಾಡಿಯನ್ನು ಬೇರೆ ಹಳಿಗೆ ತಿರುಗಿಸುವ ಪಾಯಿಂಟ್‌ನ ಲಾಕ್ ಬಿಡದು. ಆದ್ದರಿಂದ ನಿರ್ಧಾರ ಅದಕ್ಕೂ ಮುಂಚೆ ಆಗಿರುತ್ತದೆ. ಆದ ಕ್ಷಣವೇ ಅದು ಪ್ರಯಾಣಿಕನ ಕಿವಿಗೂ ಬೀಳಬೇಕು. ಗಾಡಿ ಧಾರವಾಡ, ಕುಂದಗೋಳ ಅಥವಾ ಅಣ್ಣಿಗೇರಿ ಬಿಟ್ಟ ಮೇಲೆ ತೀರಾ ಅನಿವಾರ್ಯವಾದರೆ ಮಾತ್ರ ಬದಲಿಸಬೇಕು. ಹಾಗೆ ಬದಲಿಸಿದಾಗ ನಿಲುಗಡೆಯನ್ನು ಹತ್ತು ನಿಮಿಷವಾದರೂ ಹೆಚ್ಚಿಸಬೇಕು.

ನಿಲ್ದಾಣದ ಅಧಿಕಾರಿಗಳಲ್ಲಿ ಕೇಳುವುದಿಷ್ಟು. ಉದ್ದದ ಪ್ಲಾಟ್‌ಫಾರ್ಮಿನ ಪ್ರತಿ ಘೋಷಣೆಯಲ್ಲೂ ‘ಧಾರವಾಡ ತುದಿ’ ಅಥವಾ ‘ಗದಗ ತುದಿ’ ಎಂಬ ಮಾತು ಇರಲಿ, ಇಂಜಿನ್ ಯಾವ ಕಡೆ ಇರುತ್ತದೆ ಎಂಬುದೂ ಬರಲಿ. ಮೂರು ಭಾಷೆಯಲ್ಲಿ ಹೇಳಿದರೂ ಇದಕ್ಕೆ ಹೆಚ್ಚು ಹೊತ್ತು ಹಿಡಿಯದು. ನೂರು ಮೀಟರ್‌ಗೊಂದು ದೊಡ್ಡ ಅಂಕಿಯ ಫಲಕವನ್ನು ಎರಡೂ ಕಡೆಯಿಂದ ಕಾಣುವಂತೆ ಹಾಕಲಿ. ನಲ್ಲಿ, ಬೆಂಚು, ನೆರಳು ನಡುಭಾಗಕ್ಕಷ್ಟೇ ಸೀಮಿತವಾಗದೆ ತುದಿಯವರೆಗೂ ಇರಲಿ. ಕೊನೆಯಲ್ಲಿ ನಿಲ್ಲುವುದು ಹೆಚ್ಚಾಗಿ ಜನರಲ್ ಡಬ್ಬಿ, ಮಕ್ಕಳು ಮರಿ ಕಟ್ಟಿಕೊಂಡು ಹೋಗುವ ಕೂಲಿಯವರು ಏರುವ ಡಬ್ಬಿ. ವೃದ್ಧರಿಗೆ ಬ್ಯಾಟರಿ ಗಾಡಿ ಎರಡೂ ತುದಿಗೆ ಒಂದೊಂದು ಮೀಸಲಿರಲಿ. ಸ್ಟೇಷನ್ ರಸ್ತೆ ಮತ್ತು ಗದಗ ರಸ್ತೆ ದ್ವಾರಗಳ ಹೊರಗೇ, ಆಟೊ ಇಳಿಯುವ ಜಾಗದಲ್ಲಿ, ಯಾವ ಗಾಡಿಗೆ ಯಾವ ದ್ವಾರ ಹತ್ತಿರ ಎಂದು ತೋರಿಸುವ ಬೋರ್ಡ್ ಬೇಕು. ಒಳಗೆ ಹೋದ ಮೇಲೆ ತಿಳಿದರೆ ಉಪಯೋಗವಿಲ್ಲ.

ಇದೆಲ್ಲ ಆಗುವವರೆಗೆ ಮನೆಮಂದಿಯನ್ನು ಕರೆದುಕೊಂಡು ಹೋಗುವವರು ಅರ್ಧ ಗಂಟೆ ಮೊದಲೇ ನಿಲ್ದಾಣ ಮುಟ್ಟಿ, ವಿಚಾರಣೆ ಕಿಟಕಿಯಲ್ಲಿ ಅಥವಾ ಹಮಾಲರಲ್ಲಿ ‘ಎಷ್ಟನೇ ಪ್ಲಾಟ್‌ಫಾರ್ಮ್’ ಎಂಬುದರ ಜೊತೆಗೆ ‘ಇಂಜಿನ್ ಯಾವ ಕಡೆ, ಗಾಡಿ ಯಾವ ತುದಿಗೆ’ ಎಂದೂ ಕೇಳಿಕೊಳ್ಳಲಿ.

– ಒಬ್ಬ ಓದುಗ, ಕೇಶ್ವಾಪುರ, ಹುಬ್ಬಳ್ಳಿ