ಮೈಕ್ ಆಫ್ ಮಾಡಿದರೆ ಹೊಂಡ ಮುಚ್ಚುತ್ತದಾ?

ಮಾನ್ಯರೇ,

ಮೊನ್ನೆ ನಮ್ಮ ಗಣೇಶೋತ್ಸವದಲ್ಲಿ ಹುಡುಗರ ಪ್ರಹಸನ ಅರ್ಧಕ್ಕೇ ನಿಂತದ್ದು ನಿಮ್ಮ ಪತ್ರಿಕೆಯಲ್ಲಿ ಬಂದಿದೆ. ಸಮಯ ಸಾಲಲಿಲ್ಲ ಅಂತ ಬರೆದಿದ್ದೀರಿ. ನಾನು ಮೂರನೇ ಸಾಲಿನಲ್ಲೇ ಕೂತಿದ್ದೆ. ಸಮಯ ಬೇಕಾದಷ್ಟಿತ್ತು. ಅತಿಥಿಯಾಗಿ ಬಂದಿದ್ದ ಅಧಿಕಾರಿ ಕೈಸನ್ನೆ ಮಾಡಿದರು, ಮೈಕ್ ಆಫ್ ಆಯಿತು.

ಹುಡುಗರು ಮಾಡಿದ್ದಾದರೂ ಏನು? ಒಬ್ಬ ರಸ್ತೆ ಹೊಂಡಕ್ಕೆ ಬೀಸುಬಲೆ ಹಾಕುತ್ತಾನೆ. ಎಳೆದರೆ ಮೀನಿಲ್ಲ, ಒದ್ದೆಯಾದ ಅರ್ಜಿಗಳ ಕಟ್ಟು! ಜನ ಗೊಳ್ಳೆಂದು ನಕ್ಕರು. ಪಕ್ಕದ ಅಜ್ಜ ಬೈರಾಸಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ನನ್ನ ಅಮ್ಮ ಜೂನ್ ತಿಂಗಳ ಮಳೆಗೆ ಇಂಥದ್ದೇ ಹೊಂಡದಲ್ಲಿ ನನ್ನ ಸ್ಕೂಟರಿನಿಂದ ಬಿದ್ದು ಕೈ ಮುರಿದುಕೊಂಡವರು. ಆಮೇಲೆ ಅವರು ಬಾಯಿ ತುಂಬ ನಕ್ಕದ್ದು ಅವತ್ತೇ. ಅದನ್ನೂ ನಿಲ್ಲಿಸಿಬಿಟ್ಟರಲ್ಲ!

ಅಮ್ಮನ ಕೈಗೆ ಫಿಸಿಯೋಥೆರಪಿ, ನನಗೆ ವಾರಕ್ಕೆರಡು ಅರ್ಧ ದಿನ ರಜೆ. ರಿಕ್ಷಾದವರು ನಮ್ಮ ರಸ್ತೆ ಅಂದ ಕೂಡಲೇ ಬರುವುದಿಲ್ಲ ಅನ್ನುತ್ತಾರೆ. ಸ್ಕೂಟರಿನ ಶಾಕ್ ಅಬ್ಸಾರ್ಬರ್ ಎರಡು ಸಲ ಹೋಯಿತು. ಇದರ ಖರ್ಚು ಯಾರು ಕೊಡುತ್ತಾರೆ?

ನಮ್ಮ ಕಡೆಯವರಿಗೆ ತಮಾಷೆ ಹೊಸತಲ್ಲ. ಯಕ್ಷಗಾನದಲ್ಲಿ ಹಾಸ್ಯಗಾರ ರಾಜನ ಎದುರಿಗೇ ನಿಂತು ಊರಿನ ಸುದ್ದಿ ಎತ್ತಿ ಚುಚ್ಚುತ್ತಾನೆ. 2024ರ ಆಗಸ್ಟಿನಲ್ಲಿ ಆದಿಉಡುಪಿ–ಮಲ್ಪೆ ರಸ್ತೆಯಲ್ಲಿ ಯಮ, ಚಿತ್ರಗುಪ್ತರ ವೇಷದವರು ಬಂದು ಹೊಂಡ ಹಾರುವ ಪ್ರೇತಗಳ ಲಾಂಗ್ ಜಂಪ್ ಅಳೆದದ್ದನ್ನು ದೇಶವೇ ನೋಡಿತು. 2019ರಲ್ಲಿ ಬೆಂಗಳೂರಿನ ಕಲಾವಿದ ಬಾದಲ್ ನಂಜುಂಡಸ್ವಾಮಿ ಹೊಂಡದ ರಸ್ತೆಯಲ್ಲಿ ಗಗನಯಾತ್ರಿ ವೇಷದವರನ್ನು ಚಂದ್ರನ ಮೇಲೆ ನಡೆಸಿದ ಹಾಗೆ ನಡೆಸಿದರು. ಕೂಡಲೇ ರಿಪೇರಿಗೆ ಜನ ಬಂದರು. ನಾನು ಕೊಟ್ಟ ನಾಲ್ಕು ಅರ್ಜಿಗೆ ಇವತ್ತಿನವರೆಗೆ ಒಬ್ಬರೂ ಬಂದಿಲ್ಲ. ಅಳುತ್ತಾ ಹೇಳಿದರೆ ಕೇಳುವುದಿಲ್ಲ, ನಗುತ್ತಾ ಹೇಳಿದರೆ ಸಿಟ್ಟು. ಹಾಗಾದರೆ ನಾವು ಹೇಳುವುದಾದರೂ ಹೇಗೆ?

ಮೈಕ್ ಆಫ್ ಮಾಡಿಸಿದ ಈ ಅಧಿಕಾರಿಯ ಕಚೇರಿಯ ಕತೆಯೂ ಅಷ್ಟೇ. ಎರಡು ವರ್ಷದ ಹಿಂದೆ ಖಾತೆ ಬದಲಾವಣೆಗೆ ಐದು ಸಲ ಅಲೆದೆ. ಒಮ್ಮೆ ಸರ್ವರ್ ಇಲ್ಲ, ಒಮ್ಮೆ ಸಾಹೇಬರು ಇಲ್ಲ. ಬೀದಿದೀಪದ ವಿಷಯ ಹೇಳಿದರೆ ಇನ್ನೊಂದು ಪತ್ರವೇ ಬೇಕು. ವೇದಿಕೆಗೆ ಬರಲು, ಹಾರ ಹಾಕಿಸಿಕೊಳ್ಳಲು ಮಾತ್ರ ಇವರಿಗೆ ಪುರುಸೊತ್ತು ಇರುತ್ತದೆ.

ಹುಡುಗರಿಗೆ ಅದೇ ವೇದಿಕೆಯಲ್ಲಿ ಪ್ರಹಸನ ಪೂರ್ತಿ ಆಡಲು ಬಿಡಬೇಕು. ರಸ್ತೆಗೆ ಡಾಮರೂ ಆಗಬೇಕು. ಯಾವುದು ಮೊದಲಾದರೂ ಸರಿ, ಎರಡೂ ಆಗಬೇಕು. ಆ ಅಧಿಕಾರಿ ಒಂದು ದಿನ ನನ್ನ ಸ್ಕೂಟರಿನ ಹಿಂದೆ ಕೂತು ಬರಲಿ. ಅಮ್ಮನ ಹತ್ತಿರವೂ ಒಂದು ಮಾತು ಕೇಳಲಿ. ಸ್ವಲ್ಪವಾದರೂ ನಾಚಿಕೆ ಬೇಡವಾ ಇವರಿಗೆ?

— ನಿಮ್ಮ ಓದುಗ, ಉಡುಪಿ