ಹತ್ತಿರ ಹೋಗಿ ಅಂತ ಡ್ರೈವರ್‌ಗೆ ಹೇಳೋರು ನಾವೇ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣೀಲಿ ಕೀನ್ಯಾದ ಮಸಾಯಿ ಮಾರಾ ವನ್ಯಧಾಮದ ಫೋಟೋಗಳು ಒಂದು ಪುಟ ಪೂರ್ತಿ ಬಂದಿದ್ವು, ಬೆಳಗ್ಗೆ ಕಾಫಿ ಆರೋವರೆಗೂ ಅದನ್ನೇ ನೋಡ್ತಾ ಕೂತಿದ್ದೆ. ಆ ಚೀತಾ ಕ್ಲೋಸಪ್ ಅಂತೂ ಕಣ್ಣಿಂದ ಬಾಯಿವರೆಗೆ ಇಳಿಯೋ ಕಪ್ಪು ಗೆರೆ, ಒಂದೊಂದು ಮೀಸೆ ಕೂದಲು ಎಲ್ಲಾ ಎಣಿಸೋ ಹಾಗಿತ್ತು. ತೆಗೆದವರ ಕೈಚಳಕದ ಬಗ್ಗೆ ನಂಗೆ ಗೌರವ ಇದೆ, ಅವರು ಹೇಗೆ ತೆಗೆದ್ರು ಅಂತ ನಂಗೆ ಗೊತ್ತಿಲ್ಲ, ಹಾಗಾಗಿ ಅವರ ಬಗ್ಗೆ ಒಂದು ಮಾತೂ ಅಲ್ಲ ಇದು. ಆದ್ರೆ ಆ ಫೋಟೋ ನೋಡಿ ಇನ್ನೂ ನೂರು ಜನ ಅಂಥದ್ದೇ ಬೇಕು ಅಂತ ಹೊರಡ್ತಾರಲ್ಲ, ಅವರಿಗೆ ಒಂದೆರಡು ವಿಷಯ ಹೇಳ್ಲೇಬೇಕು ಅನ್ನಿಸ್ತು, ಅದಕ್ಕೆ ಬರೀತಿದೀನಿ.

ನಾನು ಹಾಸನದಲ್ಲಿ ಸ್ಟುಡಿಯೋ ಇಟ್ಕೊಂಡು ಇಪ್ಪತ್ತೆಂಟು ವರ್ಷ ಮದುವೆ ಫೋಟೋ ತೆಗೆದವನು. ಆಫ್ರಿಕಾಕ್ಕೆ ಹೋಗ್ಬೇಕು ಅನ್ನೋದು ಬಹಳ ವರ್ಷದ ಆಸೆ, ಚೀಟಿ ಕಟ್ಟಿ ದುಡ್ಡು ಕೂಡಿಸಿ, ದೂರದ್ದನ್ನ ಹತ್ತಿರ ತೋರಿಸೋ 600 ಎಂಎಂ ಲೆನ್ಸು ಬಾಡಿಗೆಗೆ ತಗೊಂಡು, ಬೆಂಗಳೂರಿನ ಒಂದು ಗುಂಪಿನ ಜೊತೆ ಆಗಸ್ಟಲ್ಲಿ ಹೋದೆ. ನೈರೋಬಿಯಿಂದ ರಸ್ತೇಲಿ ಐದಾರು ಗಂಟೆ. ಮಾರಾ ಅಂದ್ರೆ ಮಸಾಯಿ ಜನರ ಭಾಷೇಲಿ ಚುಕ್ಕೆಚುಕ್ಕೆ ಅಂತ ಅರ್ಥವಂತೆ, ಹಳದಿ ಹುಲ್ಲಿನ ಬಯಲಲ್ಲಿ ಅಲ್ಲೊಂದು ಇಲ್ಲೊಂದು ಒಂಟಿ ಮರ ನೋಡಿದ್ರೆ ಆ ಹೆಸರು ಯಾಕೆ ಬಂತು ಅಂತ ಯಾರೂ ಹೇಳ್ಬೇಕಿಲ್ಲ.

ಎರಡನೇ ದಿನ ಬೆಳಗ್ಗೆ ಒಂದು ತಾಯಿ ಚೀತಾ, ಮೂರು ಮರಿ. ತಾಯಿ ಒಂದು ಹುತ್ತದ ಮೇಲೆ ಕೂತು ದೂರದಲ್ಲಿ ಮೇಯ್ತಿದ್ದ ಥಾಮ್ಸನ್ ಗಸೆಲ್ ಜಿಂಕೆಗಳನ್ನ ನೋಡ್ತಿತ್ತು, ಮರಿಗಳು ಹುಲ್ಲಲ್ಲಿ ಉರುಳಾಡ್ತಿದ್ವು. ನಾವು ಹೋದಾಗ ಎರಡೇ ಗಾಡಿ. ಡ್ರೈವರ್‌ಗಳು ರೇಡಿಯೋದಲ್ಲಿ ಒಬ್ಬರಿಗೊಬ್ಬರು ಹೇಳ್ಕೋತಾರೆ, ದುಮಾ ದುಮಾ ಅಂತ ಕೇಳಿಸ್ತಿತ್ತು, ಸ್ವಾಹಿಲಿಲಿ ಚೀತಾಗೆ ದುಮಾ ಅಂತಾರೆ. ಅರ್ಧ ಗಂಟೇಲಿ ನಾನು ಎಣಿಸಿದ್ದು ಹತ್ತೊಂಬತ್ತು ಗಾಡಿ. ತಾಯಿ ಇಳಿದು ತಲೆ ಬಗ್ಗಿಸಿ ಹೆಜ್ಜೆ ಮೇಲೆ ಹೆಜ್ಜೆ ಇಟ್ಕೊಂಡು ಹೊರಡ್ತು, ಗಾಡಿಗಳೂ ದಾರಿ ಬಿಟ್ಟು ಹುಲ್ಲಿಗಿಳಿದು ಹೊರಟ್ವು, ಎದುರಿಂದ ಫೋಟೋ ಸಿಗಲಿ ಅಂತ ಎರಡು ಗಾಡಿ ಜಿಂಕೆಗೂ ಚೀತಾಗೂ ನಡುವೆನೇ ಹೋಗಿ ನಿಂತ್ವು. ಜಿಂಕೆಗಳು ತಲೆ ಎತ್ತಿದ್ವು, ಓಡಿದ್ವು. ತಾಯಿ ಅಲ್ಲೇ ಕೂತ್ಬಿಡ್ತು. ಹಿಂದೆ ಮರಿಗಳು ಕೂಗೋದು ಕೇಳಿಸ್ತಿತ್ತು, ಚೀತಾ ಮರಿ ಗರ್ಜಿಸಲ್ಲ, ಹಕ್ಕಿ ಥರ ಚಿಂವ್ ಚಿಂವ್ ಅನ್ನತ್ತೆ. ಆ ತಾಯಿಯ ಪಕ್ಕೆ ಎಲುಬು ನನ್ನ ವ್ಯೂಫೈಂಡರ್‌ನಲ್ಲಿ ಸ್ಪಷ್ಟವಾಗಿ ಕಾಣಿಸ್ತಿತ್ತು. ಇನ್ನೂ ಸ್ವಲ್ಪ ಹತ್ತಿರ ಹೋಗಪ್ಪ ಅಂತ ಹತ್ತು ನಿಮಿಷ ಮುಂಚೆ ನಮ್ಮ ಡ್ರೈವರ್‌ಗೆ ಹೇಳಿದ್ದು ನಾನೇ. ಅದು ಇವತ್ತಿಗೂ ಮನಸ್ಸಲ್ಲಿ ಕೊರೀತಾನೇ ಇದೆ.

ಸಿಂಹ, ಚಿರತೆ ರಾತ್ರಿ ಹೊತ್ತು ಬೇಟೆ ಮಾಡ್ಕೊಂಡು ಹೆಂಗೋ ಬದುಕ್ತವೆ. ಚೀತಾ ಹೆಚ್ಚಾಗಿ ಹಗಲಲ್ಲೇ ಬೇಟೆ ಆಡೋದು, ಅದೂ ಬೆಳಗ್ಗೆ ಮತ್ತು ಸಂಜೆ, ಅಂದ್ರೆ ಸರಿಯಾಗಿ ನಾವು ಕ್ಯಾಮೆರಾ ಹಿಡ್ಕೊಂಡು ಓಡಾಡೋ ಹೊತ್ತಲ್ಲೇ. ಒಂದು ಓಟ ಓಡಿ ಬೇಟೆ ಹಿಡಿದ್ರೂ ಉಸಿರು ಸುಧಾರಿಸ್ಕೊಳ್ಳೋಕೆ ಹೊತ್ತು ಬೇಕು, ಅಷ್ಟರಲ್ಲಿ ಹತ್ತು ಗಾಡಿ ಗುಂಪು ಕಟ್ಟಿದ್ರೆ ಅದನ್ನ ನೋಡೇ ಕತ್ತೆಕಿರುಬ ಬಂದು ಕಿತ್ಕೊಂಡು ಹೋಗತ್ತೆ. ಇದು ನನ್ನ ಊಹೆ ಅಲ್ಲ. ಮಾರಾದಲ್ಲೇ ನಡೆದ ಒಂದು ಸಂಶೋಧನೆ 2018ರಲ್ಲಿ ಪ್ರಕಟ ಆಯ್ತು, ಪ್ರವಾಸಿಗರು ಕಮ್ಮಿ ಇರೋ ಕಡೆ ಒಂದು ತಾಯಿ ಒಂದು ಸೂಲಿಗೆ ಸರಾಸರಿ 2.3 ಮರಿ ದೊಡ್ಡದು ಮಾಡತ್ತೆ, ಪ್ರವಾಸಿಗರು ಜಾಸ್ತಿ ಇರೋ ಕಡೆ ಬರೀ 0.2. ಅಂದ್ರೆ ಐದು ಸೂಲಿಗೆ ಒಂದು ಮರಿ ಉಳಿದ್ರೆ ಉಳೀತು. 2022ರ ಸೆಪ್ಟೆಂಬರ್‌ನಲ್ಲಿ ನಮೀಬಿಯಾದಿಂದ ಎಂಟು ಚೀತಾ ಮಧ್ಯಪ್ರದೇಶದ ಕುನೋಗೆ ಬಂದಾಗ ನಾವೆಲ್ಲ ಟಿವಿ ಮುಂದೆ ಕೂತು ಮನೆಗೆ ಸೊಸೆ ಬಂದ ಹಾಗೆ ನೋಡಿದ್ವಲ್ಲ, ಅದೇ ಪ್ರಾಣಿ ಸ್ವಾಮಿ ಇದು, ಇಡೀ ಪ್ರಪಂಚದಲ್ಲಿ ಕಾಡಲ್ಲಿ ಉಳಿದಿರೋದು ಸುಮಾರು ಏಳು ಸಾವಿರ ಅಷ್ಟೇ.

ನಿಯಮ ಇಲ್ವಾ ಅಂತ ಕೇಳಬಹುದು. ಇದೆ. ಒಂದು ಸಿಂಹನೋ ಚೀತಾನೋ ಇದ್ರೆ ಅದರ ಹತ್ರ ಐದು ಗಾಡಿಗಿಂತ ಜಾಸ್ತಿ ನಿಲ್ಲಬಾರದು, ಬೇರೆಯವರು ಕಾಯ್ತಿದ್ರೆ ಹತ್ತು ನಿಮಿಷಕ್ಕೆ ಜಾಗ ಬಿಡ್ಬೇಕು, 25 ಮೀಟರ್ ದೂರ ಇರ್ಬೇಕು, ದಾರಿ ಬಿಟ್ಟು ಇಳೀಬಾರದು. ಆದ್ರೆ ಮಾರಾ ಅಂದ್ರೆ ಸಾವಿರದ ಐನೂರು ಚದರ ಕಿಲೋಮೀಟರ್, ಎಲ್ಲಾ ಕಡೆ ರೇಂಜರ್ ಇರೋಕಾಗತ್ತಾ. ಡ್ರೈವರ್‌ಗಳನ್ನ ಬೈಯೋದು ಸುಲಭ, ನಮ್ಮ ಗುಂಪಲ್ಲೂ ಬೈದ್ರು, ಆದ್ರೆ ಆ ಹುಡುಗನ ಸಂಬಳ ಎಷ್ಟೋ ಏನೋ, ಅವನ ಮನೆ ನಡೆಯೋದು ನಾವು ಕೊನೇ ದಿನ ಕೊಡೋ ಟಿಪ್ಸಿಂದ, ಹತ್ತಿರ ಹೋಗಿಲ್ಲ ಅಂದ್ರೆ ಗಿರಾಕಿಗೆ ಬೇಜಾರಾಗತ್ತೆ ಅನ್ನೋ ಭಯ ಅವನಿಗೆ. ನಮಗೋ ಅಷ್ಟು ದುಡ್ಡು ಕೊಟ್ಟಿದೀವಿ ಅನ್ನೋದು ತಲೇಲಿ ಕೂತಿರತ್ತೆ, 2024ರಿಂದ ಜುಲೈಯಿಂದ ಹಿಡಿದು ಡಿಸೆಂಬರ್‌ವರೆಗೆ ಹೊರದೇಶದವರಿಗೆ ಒಳಗೆ ಬಿಡೋ ಶುಲ್ಕನೇ ದಿನಕ್ಕೆ ತಲೆಗೆ 200 ಡಾಲರ್, ಅದೂ ಬೆಳಗ್ಗೆ ಆರರಿಂದ ಸಂಜೆ ಆರಕ್ಕೆ ಮಾತ್ರ. ಹಾಗಾಗಿ ಹಿಂದಿನ ಸೀಟಲ್ಲಿ ಲೆನ್ಸ್ ಹಿಡ್ಕೊಂಡು ಕೂತಿರೋರು ಬಾಯಿ ಬಿಟ್ಟು ಹೇಳ್ಬೇಕು, ಮೊದಲನೇ ದಿನನೇ, ಗಾಡಿ ಹತ್ತೋಕೆ ಮುಂಚೆ: ತಮ್ಮಾ, ನಮಗೆ ಹತ್ತಿರ ಹೋಗೋದು ಬೇಡ, ಗುಂಪಿದ್ರೆ ಬಿಟ್ಟು ಹೋಗೋಣ, ನಿನ್ನ ಟಿಪ್ಸಿಗೆ ಏನೂ ಕಮ್ಮಿ ಮಾಡಲ್ಲ ಅಂತ. ನಾನು ಮೂರನೇ ದಿನ ಹೇಳಿದೆ. ಆ ಹುಡುಗನ ಮುಖ ನೋಡ್ಬೇಕಿತ್ತು ನೀವು, ಅಲ್ಲಿವರೆಗೆ ಸುಮ್ನಿದ್ದೋನು ಆಮೇಲೆ ಎಷ್ಟು ತೋರಿಸಿದ, ಯಾವ ಹಕ್ಕಿ ಕೂಗಿದ್ರೆ ಏನರ್ಥ, ಜಿರಾಫೆ ಎಲ್ಲಾ ಒಂದೇ ಕಡೆ ನೋಡ್ತಾ ನಿಂತ್ರೆ ಅಲ್ಲಿ ಏನಿರತ್ತೆ, ಎಲ್ಲಾ.

ನದಿ ದಾಟೋ ಜಾಗದ್ದೂ ಇದೇ ಕಥೆ. ಪಕ್ಕದ ತಾಂಜಾನಿಯಾದ ಸೆರೆಂಗೆಟಿಯಿಂದ ವಿಲ್ಡಬೀಸ್ಟ್ ಅನ್ನೋ ದೊಡ್ಡ ಜಿಂಕೆ ಜಾತಿ ಪ್ರಾಣಿಗಳು ಲಕ್ಷಾಂತರ ಮಳೆ ಹುಡುಕ್ಕೊಂಡು ಬಂದು ಮಾರಾ ನದಿ ದಾಟ್ತವೆ, ಜುಲೈಯಿಂದ ಅಕ್ಟೋಬರ್‌ವರೆಗೆ ಇದು ನಡೀತಿರತ್ತೆ. ಅವು ದಡಕ್ಕೆ ಬಂದು ಗಂಟೆಗಟ್ಟಲೆ ನಿಲ್ತವೆ, ಮೊದಲನೇದು ನೀರಿಗೆ ಹಾರೋವರೆಗೆ ಯಾವುದೂ ಹಾರಲ್ಲ. ಗಾಡಿಗಳು ದಡಕ್ಕೆ ನುಗ್ಗಿದ್ರೆ ಆ ಮೊದಲನೇದು ಹಿಂದಕ್ಕೆ ತಿರುಗತ್ತೆ, ಇಲ್ಲಾಂದ್ರೆ ಇಳಿಜಾರು ಬಿಟ್ಟು ಕಡಿದಾದ ಕಡೆಯಿಂದ ಬಿದ್ದು ಕಾಲು ಮುರ್ಕೊಳತ್ತೆ. 2025ರ ಜುಲೈನಲ್ಲಿ ಸೆರೆಂಗೆಟಿ ಕಡೆ ಪ್ರವಾಸಿಗರು ಗಾಡಿ ಇಳಿದು ದಡದಲ್ಲೇ ಸಾಲಾಗಿ ನಿಂತಿದ್ದ ವಿಡಿಯೋ ನಿಮ್ಮಲ್ಲಿ ಎಷ್ಟೋ ಜನ ನೋಡಿರ್ತೀರಿ.

ಇನ್ನು ಫೋಟೋ ವಿಷಯ. ಹತ್ತಿರ ಹೋದ್ರೇನೆ ಒಳ್ಳೇ ಫೋಟೋ ಅನ್ನೋದು ತಪ್ಪು, ಇದನ್ನ ಕಸುಬಿನವನಾಗಿ ಹೇಳ್ತಿದೀನಿ. ಮುಖ ಮಾತ್ರ ತುಂಬಿಸಿ ತೆಗೆದ್ರೆ ಅದು ಮೈಸೂರು ಝೂನಲ್ಲಿ ತೆಗೆದಿದ್ದೋ ಮಾರಾದಲ್ಲಿ ತೆಗೆದಿದ್ದೋ ಯಾರಿಗೆ ಗೊತ್ತಾಗತ್ತೆ? ಅಷ್ಟು ದೂರ ಹೋಗೋದು ಆ ಪ್ರಾಣಿ ಅದರ ನೆಲದಲ್ಲಿ ಹೇಗಿರತ್ತೆ ನೋಡೋಕಲ್ವಾ. ಸಮಭಾಜಕದ ಹತ್ರ ಸೂರ್ಯ ನೆಟ್ಟಗೆ ಏಳ್ತಾನೆ, ನೆಟ್ಟಗೆ ಮುಳುಗ್ತಾನೆ, ಹೊಂಬೆಳಕು ಇರೋದೇ ಸ್ವಲ್ಪ ಹೊತ್ತು, ಆ ಬೆಳಕಿಗೆ ಬೆನ್ನು ಕೊಟ್ಟು ನಿಂತ ಝೀಬ್ರಾ ಹಿಂಡು, ಅವು ಎಬ್ಬಿಸಿದ ಧೂಳು, ಇದಕ್ಕೆ 70-200 ಎಂಎಂನ ಚಿಕ್ಕ ಲೆನ್ಸೇ ಸಾಕು. ಬಿಸಿಲೇರಿದ ಮೇಲೆ ನೆಲದ ಝಳ ಅಲೆಅಲೆಯಾಗಿ ಏಳತ್ತೆ, ಆಗ ಎಷ್ಟೇ ದುಡ್ಡಿನ ಉದ್ದ ಲೆನ್ಸ್ ಇದ್ರೂ ಶಾರ್ಪ್ ಬರಲ್ಲ, ಕ್ಯಾಮೆರಾ ಕೆಳಗಿಟ್ಟು ಬರೀ ಕಣ್ಣಲ್ಲಿ ನೋಡಿ. ಗಾಡಿ ಕಿಟಕಿಗೆ ಟ್ರೈಪಾಡ್ ಉಪಯೋಗಕ್ಕೆ ಬರಲ್ಲ, ಕಿಟಕಿ ಮೇಲಿಟ್ಟು ಲೆನ್ಸ್ ಊರೋಕೆ ಒಂದು ಖಾಲಿ ಬಟ್ಟೆ ಚೀಲ ತಗೊಂಡು ಹೋಗಿ, ನೈರೋಬಿಲಿ ಮೂರು ಕೆಜಿ ಹುರುಳಿನೋ ಅಕ್ಕಿನೋ ತುಂಬಿಸ್ಕೊಂಡ್ರೆ ಆಯ್ತು, ಬರೋವಾಗ ಅದನ್ನ ಡ್ರೈವರ್ ಮನೆಗೆ ಕೊಟ್ಟು ಬನ್ನಿ.

ದುಡ್ಡು ಸ್ವಲ್ಪ ಜಾಸ್ತಿ ಇದ್ದೋರು ಮಾರಾ ಸುತ್ತ ಇರೋ ನಬೋಯಿಶೋ ಥರದ ಕನ್ಸರ್ವೆನ್ಸಿಗಳಿಗೆ, ಅಂದ್ರೆ ಊರವರ ನೆಲದಲ್ಲಿರೋ ವನ್ಯಜೀವಿ ತಾಣಗಳಿಗೆ ಹೋಗೋದು ಒಳ್ಳೇದು, ಅಲ್ಲಿ ನೆಲ ಮಸಾಯಿ ಮನೆತನಗಳದ್ದು, ಅವರಿಗೆ ತಿಂಗಳ ಬಾಡಿಗೆ ಹೋಗತ್ತೆ, ಗಾಡಿನೂ ಲೆಕ್ಕ ಇಟ್ಟು ಬಿಡ್ತಾರೆ.

ಸಂಪಾದಕರೇ, ನಿಮ್ಮಲ್ಲಿ ಕೇಳ್ಕೊಳ್ಳೋದು ಇಷ್ಟೇ. ವನ್ಯಜೀವಿ ಫೋಟೋ ಹಾಕುವಾಗ ಎಷ್ಟು ದೂರದಿಂದ ತೆಗೆದಿದ್ದು, ಅಲ್ಲಿ ಎಷ್ಟು ಗಾಡಿ ಇದ್ವು ಅಂತ ತೆಗೆದವರನ್ನ ಒಂದು ಮಾತು ಕೇಳಿ, ಕೆಳಗೆ ಒಂದು ಸಾಲಲ್ಲಿ ಹಾಕಿ. ಕಬಿನಿ, ಬಂಡೀಪುರದ ಫೋಟೋಗೂ ಹಾಕಿ. ಸ್ಪರ್ಧೆ ನಡೆಸೋ ಕ್ಯಾಮೆರಾ ಕ್ಲಬ್‌ನವರೂ ಕೇಳೋಕೆ ಶುರು ಮಾಡಿದ್ರೆ ಮುಂದಿನ ಸೀಸನ್‌ಗೆ ಹೋಗೋರು ಹೊರಡೋ ಮುಂಚೆನೇ ಯೋಚನೆ ಮಾಡ್ತಾರೆ.

ಈ ಪತ್ರದ ಜೊತೆ ಒಂದು ಫೋಟೋ ಕಳಿಸ್ತಿದೀನಿ. ಕೊನೇ ದಿನ ಸಂಜೆ ತೆಗೆದಿದ್ದು, ಸುಮಾರು ನೂರೈವತ್ತು ಮೀಟರ್ ದೂರದಿಂದ, ನಮ್ಮದೊಂದೇ ಗಾಡಿ. ಹುಲ್ಲು, ಒಂದು ಒಂಟಿ ಮರ, ಹಿಂದೆ ಮಳೆ ಮೋಡ. ಮರದ ಬುಡದಲ್ಲಿ ಸಣ್ಣದಾಗಿ ಕಾಣೋದು ಅದೇ ತಾಯಿ ಚೀತಾ, ಮೂರೂ ಮರಿ ಪಕ್ಕದಲ್ಲೇ ಇದಾವೆ, ನಾಲ್ಕೂ ಹೊಟ್ಟೆ ತುಂಬ ತಿಂದು ಮಲಗಿದ್ವು. ಹಾಕೋದಾದ್ರೆ ದಯವಿಟ್ಟು ಕ್ರಾಪ್ ಮಾಡ್ಬೇಡಿ.

ಇಂತಿ ನಿಮ್ಮ ಓದುಗ,
ಹಾಸನ